ಹಾಲಮ್ಮ ಎಳೆದ ಸುಣ್ಣದ ಗೆರೆ

ನಮ್ಮೂರಿನಲ್ಲಿ ಕರೆಂಟಿನ ಕಂಬ ಒಂದೂ ಇಲ್ಲ, ತಂತಿಯೂ ಇಲ್ಲ. ಅಂಗಡಿಯಲ್ಲಿ ಬಲ್ಬು ಕೊಂಡು ಕೈಯಲ್ಲಿ ಹಿಡಿದು ಹೊರಟರೆ ಅದು ದಾರಿಯುದ್ದಕ್ಕೂ ಉರಿಯುತ್ತಲೇ ಬರುತ್ತದೆ. ಮನೆಗೆ ತಂದು ಗೂಟಕ್ಕೆ ತೂಗುಹಾಕಿದರೆ ಮುಗಿಯಿತು. ಬೇಡವೆನಿಸಿದಾಗ ಅಡ್ಡ ಮಲಗಿಸುತ್ತೇವೆ, ಆರುತ್ತದೆ. ಬೀದಿಗಳ ಅಡಿಯಲ್ಲಿ ಹಿರಿಯರು ತಾಮ್ರದ ಸುರುಳಿ ಹೂತು ಮೂವತ್ತೊಂದು ವರ್ಷವಾಯಿತು. ಅಂದಿನಿಂದ ಅದು ಒಂದು ಗಳಿಗೆಯೂ ತಗ್ಗಿಲ್ಲ ಎನ್ನುವುದು ನಮ್ಮವರು ಬೀಗರ ಎದುರು ಹೇಳಿಕೊಳ್ಳುವ ಮೊದಲ ಮಾತು.

ನಾನು ಟೈಲರ್ ಕೊಟ್ರೇಶಿ. ಬೇರೆ ಊರಿನ ಟೈಲರ್ ನಮ್ಮೂರಿಗೆ ಬಂದರೆ ಒಂದು ವಾರ ಬಾಳಲಾರ. ಇಲ್ಲಿ ಹುಕ್ಕು ಹಚ್ಚಿದ ರವಿಕೆ ಬೆನ್ನು ಸುಡುತ್ತದೆ, ಜಿಪ್ಪು ಹಚ್ಚಿದ ಪ್ಯಾಂಟಿನ ಮಾತನ್ನಂತೂ ಆಡುವುದೇ ಬೇಡ. ನಾವು ಕಸೆ ಕಟ್ಟುತ್ತೇವೆ, ದಾರದ ಗುಂಡಿ ಹೆಣೆಯುತ್ತೇವೆ. ನಮ್ಮ ಹೆಂಗಸರು ಗಾಜಿನ ಬಳೆಯಲ್ಲದೆ ಬೇರೆ ತೊಡುವುದಿಲ್ಲ; ಕಾಲುಂಗುರವನ್ನು ಮರದಲ್ಲಿ ಕೊರೆಸುತ್ತಾರೆ. ನನ್ನ ಹೊಲಿಗೆ ಮಷೀನು ಕೂಡ ಮೊದಲು ಕಿಟಕಿಯ ಬಳಿ ಇದ್ದಾಗ ಮಧ್ಯಾಹ್ನದ ಹೊತ್ತಿಗೆ ಮುಟ್ಟಲಾಗದಷ್ಟು ಕಾಯುತ್ತಿತ್ತು. ಅದನ್ನು ಅಂಗೈಯಗಲ ಅಂಗೈಯಗಲ ಸರಿಸುತ್ತ ಹೋಗಿ, ಕೊನೆಗೆ ಮೂಲೆಯ ಒಂದು ಜಾಗದಲ್ಲಿ ತಣ್ಣಗಿರುವುದನ್ನು ಕಂಡು ಅಲ್ಲೇ ಬಿಟ್ಟಿದ್ದೇನೆ. ಹೀಗೆ ಎಲ್ಲರೂ ಒಂದೊಂದು ಉಪಾಯ ಮಾಡಿಕೊಂಡು ಸುಖವಾಗಿಯೇ ಇದ್ದೆವು.

ಸುಖವಿಲ್ಲದಿದ್ದದ್ದು ಒಂದೇ ಕಡೆ. ಊರ ಹೆಬ್ಬಾಗಿಲಾದ ಅಗಸೆಯಲ್ಲಿ ದೊಡ್ಡಸಿದ್ದ ಎಂಬ ಕಾವಲುಗಾರ ಕೂತಿರುತ್ತಾನೆ. ಒಳಗೆ ಬರುವವರನ್ನೆಲ್ಲ ಅವನು ಕೇಳುವುದು ಒಂದೇ ಪ್ರಶ್ನೆ: "ಮೈಯೊಳಗ ಲೋಹ ಐತೇನ್ರಿ?" ಮುರಿದ ಕಾಲಿಗೆ ಸರಳು ಹಾಕಿಸಿಕೊಂಡವರು, ಎದೆಯಲ್ಲಿ ಯಂತ್ರ ಇಡಿಸಿಕೊಂಡವರು ಅಗಸೆ ದಾಟುವಂತಿಲ್ಲ. ಅವರಿಗಾಗಿ ಹೊರಗೆ ಎಂಟು ಮನೆಗಳಿವೆ; ಅಲ್ಲಿ ಬಲ್ಬು ಉರಿಯದ್ದರಿಂದ ಕಂದೀಲು ಬೀದಿ ಅನ್ನುತ್ತೇವೆ. ನಾವೇನೂ ಬೈದು ಕಳಿಸುವುದಿಲ್ಲ. ಅತ್ತು, ಅವರ ಪಾತ್ರೆಪಗಡೆ ಹೊತ್ತುಕೊಟ್ಟು, ಹಬ್ಬಕ್ಕೆ ಹೋಳಿಗೆ ಒಯ್ದುಕೊಟ್ಟು ಬರುತ್ತೇವೆ. ಆದರೂ ಕಳಿಸುತ್ತೇವೆ. ಅದು ಸರಿಯೋ ತಪ್ಪೋ ಎಂದು ನಾನಂತೂ ಒಂದು ದಿನವೂ ಯೋಚಿಸಿದವನಲ್ಲ. ಯೋಚಿಸಿದವಳು ನನ್ನ ಹೆಂಡತಿ. ಹೆಂಡತಿಯನ್ನು ಹೊಗಳಿಕೊಳ್ಳುವ ಗಂಡನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ, ಆದರೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಅವಳ ಹೆಸರು ಹಾಲಮ್ಮ. ಸುರುಳಿಯ ಬಲ ಏರಿಳಿಸುವ ಚಕ್ರವಿರುವ ಸುರುಳಿಮನೆಯಲ್ಲಿ ಅವಳಿಗೆ ಅಳತೆಯ ಕೆಲಸ. ಅವಳ ಅಪ್ಪ ಅದೇ ಕೆಲಸ ಮಾಡಿದವನು. ಬೆತ್ತದ ಬಳೆಯೊಂದಕ್ಕೆ ತಾಮ್ರದ ಎಳೆ ಸುತ್ತಿ, ಅದಕ್ಕೊಂದು ಮುಳ್ಳಿನ ಮೀಟರು ಜೋಡಿಸಿ ಮಗಳ ಕೈಗೆ ಕೊಟ್ಟು ತೀರಿಕೊಂಡ. ನೋಡಲು ಹಿಟ್ಟು ಜರಡಿಯ ಬಳೆಯಂತೆಯೇ ಇರುವುದರಿಂದ ಊರೆಲ್ಲ ಅದನ್ನು ಜರಡಿ ಎಂದೇ ಕರೆಯುತ್ತದೆ. ತಿಂಗಳಿಗೊಮ್ಮೆ ಜರಡಿ ಹಿಡಿದು ನಾಲ್ಕು ವೃತ್ತಗಳಲ್ಲಿ ನಿಂತು, ಮುಳ್ಳು ಎಷ್ಟನೇ ಗೆರೆಗೆ ಬಂತೆಂದು ಬರೆದುಕೊಂಡು ಊರ ಯಜಮಾನರಿಗೆ ಕೊಡಬೇಕು. ಎಲ್ಲಾದರೂ ಕಡಿಮೆಯಾಗಿ ದೀಪ ಮಂಕಾದೀತೇ ಎಂದು ನೋಡುವುದಕ್ಕೆ ಈ ಅಳತೆ. ಹೆಚ್ಚಾಯಿತೇ ಎಂದು ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಕೇಳಿದವಳು ಸಬೀರಾಬಿ. ಆಕೆ ನಮ್ಮ ದವಾಖಾನೆಯ ನರ್ಸು. ಐವತ್ತಾರು ವರ್ಷ, ಎತ್ತರದ ಆಳು, ಗಟ್ಟಿ ಧ್ವನಿ. ಊರಿನ ಅರ್ಧ ಜನ ಆಕೆಯ ಕೈಯಲ್ಲಿ ಹುಟ್ಟಿದವರು, ಉಳಿದರ್ಧ ಆಕೆಯ ಸೂಜಿಗೆ ಅಂಜಿ ಮಂಚದ ಕೆಳಗೆ ಅಡಗಿದವರು. ಒಂದು ದಿನ ಔಷಧದ ಕೋಣೆಯಲ್ಲಿ ನಿಂತಲ್ಲೇ ಕುಸಿದಳು. ಡಾಕ್ಟರ್ ಇಂದುಧರ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮ ಕೊಯ್ದು, ಎದೆ ಬಡಿತ ತಪ್ಪದಂತೆ ನೋಡಿಕೊಳ್ಳುವ ಯಂತ್ರ ಇಟ್ಟರು. ಹದಿನೈದು ದಿನದ ಮೇಲೆ ಆಕೆ ಬಸ್ಸಿಳಿದು ಅಗಸೆಗೆ ಬಂದಾಗ ನಾನು ಅಲ್ಲೇ ಇದ್ದೆ. ದೊಡ್ಡಸಿದ್ದ ತಲೆ ತಗ್ಗಿಸಿದ. ಅವನ ಮೂವರು ಮಕ್ಕಳನ್ನೂ ಈ ಲೋಕಕ್ಕೆ ಬರಮಾಡಿಕೊಂಡದ್ದು ಅವಳೇ.

"ಕೇಳಪ್ಪ, ಕೇಳೋದನ್ನ," ಎಂದಳು ಸಬೀರಾಬಿ.

"ಮೈಯೊಳಗ ಲೋಹ..." ಎಂದು ಅವನು ಅಷ್ಟಕ್ಕೇ ನಿಲ್ಲಿಸಿದ.

"ಐತಿ. ಇಲ್ಲೇ, ಎದಿಯಾಗ," ಎಂದು ಹೇಳಿ ತಾನೇ ಚೀಲ ಎತ್ತಿಕೊಂಡು ಕಂದೀಲು ಬೀದಿಯ ಕಡೆ ನಡೆದಳು. ಹಿಂದಿರುಗಿ ನೋಡಲಿಲ್ಲ.

ಮೂರನೆಯ ದಿನ ಹಾಲಮ್ಮ ರೊಟ್ಟಿ ಪಲ್ಯ ಕಟ್ಟಿಕೊಂಡು ಹೋದಳು. ಬುತ್ತಿ ಹೊರಲು ನಾನೂ ಜೊತೆಗಿದ್ದೆ. ಸಬೀರಾಬಿ ಹಾಸಿಗೆಯ ಮೇಲೆ ಇರಲಿಲ್ಲ. ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ತೊಳೆದಿದ್ದ ಬಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಕೈ ಸುಮ್ನ ಕುಂದ್ರಂಗಿಲ್ಲ ತಂಗಿ," ಎಂದಳು. "ಮೂವತ್ತು ವರ್ಷ ದುಡದ ಕೈ. ಆ ಹೊಸ ಕಂಪೌಂಡರ ನರ ಹುಡುಕಾಕ ನಾಲ್ಕು ಸಲ ಚುಚ್ಚತಾನಂತ. ನಾನಿದ್ರ ಒಂದ ಸಲಕ್ಕ ಸಿಗತಿತ್ತು."

ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ದಪ್ಪ ಕಾಗದದ ಚೀಟಿ ತೆಗೆದಳು. ಯಂತ್ರದ ಜೊತೆಗೆ ಆಸ್ಪತ್ರೆಯವರು ಕೊಟ್ಟದ್ದು.

"ಇದರಾಗ ಒಂದು ಅಂಕಿ ಬರದಾರ ನೋಡು. ಹದಿನೈದು. ಸುರುಳಿಯ ಸೆಳೆತ ಹದಿನೈದು ಗೆರಿ ದಾಟಿದ್ರ ಯಂತ್ರಕ್ಕ ನನ್ನ ಎದಿ ಬಡಿತ ಕೇಳಸಂಗಿಲ್ಲಂತ, ತನಗ ತಿಳದಂಗ ಬಡಿತೈತಂತ. ಹದಿನೈದರ ಒಳಗಿದ್ರ ಏನೂ ಆಗಂಗಿಲ್ಲಂತ. ಒಂದ ಮಾತು ಹೇಳು. ನಮ್ಮೂರಾಗ ಎಲ್ಲಾ ಕಡೆ ಹದಿನೈದರ ಮ್ಯಾಲೆ ಐತೇನು?"

ಹಾಲಮ್ಮ ಚೀಟಿಯನ್ನು ಎರಡು ಸಲ ಓದಿದಳು. "ನನಗ ಗೊತ್ತಿಲ್ಲ ಸಬೀರಕ್ಕ," ಎಂದಳು. "ನಾಲ್ಕು ವೃತ್ತ ಬಿಟ್ಟು ಬ್ಯಾರೆ ಎಲ್ಲೂ ನಾವು ಅಳದಿಲ್ಲ."

ಮನೆಗೆ ಬಂದವಳೇ ಜರಡಿ ತೆಗೆದುಕೊಂಡು ನನ್ನ ಮಷೀನಿನ ಮೂಲೆಗೆ ಹೋದಳು. ಮುಳ್ಳು ಆರಕ್ಕೆ ನಿಂತಿತು. ಕಿಟಕಿಯ ಬಳಿ ಹೋದಳು. ಇಪ್ಪತ್ತೆರಡು. ಮತ್ತೆ ಮೂಲೆ, ಮತ್ತೆ ಕಿಟಕಿ. ನಾನು ಹೊಲಿಯುತ್ತಿದ್ದವನು ಕಾಲು ನಿಲ್ಲಿಸಿ ನೋಡಿದೆ.

"ಏನ್ರೀ, ಈ ಮೂಲ್ಯಾಗ ಮಷೀನ ತಣ್ಣಗಿರ್ತೈತಿ ಅಂತ ನಿಮಗ ಹೆಂಗ ಗೊತ್ತಾತು?"

"ಕೈಯಿಟ್ಟು ನೋಡ್ದೆ."

"ಒಂದು ಮನ್ಯಾಗ ಇಷ್ಟು ಫರಕು ಇದ್ರ, ಊರಾಗ ಎಷ್ಟಿರಬಾರ್ದು," ಎಂದಳು. ಎರಡು ಸುರುಳಿಗಳ ನಡುವೆ ಒಂದರ ಸೆಳೆತವನ್ನು ಇನ್ನೊಂದು ತಡೆಯುವ ಜಾಗಗಳಿರುತ್ತವೆ ಎಂದು ಅವಳ ಅಪ್ಪ ಹೇಳಿದ್ದನಂತೆ. ಅಂಥ ಜಾಗಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಅದು ದಾರಿಯಾಗುತ್ತದೆ. ಅಷ್ಟೇ ಅವಳ ಲೆಕ್ಕ.

ಮರುದಿನದಿಂದ ಹಾಲಮ್ಮ ಊರನ್ನು ಹೆಜ್ಜೆಹೆಜ್ಜೆಗೂ ಅಳೆಯತೊಡಗಿದಳು. ಒಂದು ಹೆಜ್ಜೆ, ಜರಡಿಯನ್ನು ಪಾದದ ಹತ್ತಿರ ಹಿಡಿದು ಒಂದು ಅಂಕಿ, ಎದೆಯ ಮಟ್ಟಕ್ಕೆ ಎತ್ತಿ ಇನ್ನೊಂದು. ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ಹೋದಳು. ಬರಿಗಾಲಿನಲ್ಲೇ, ಏಕೆಂದರೆ ಚಪ್ಪಲಿಯ ಮೊಳೆಯೂ ಮುಳ್ಳನ್ನು ಅಲುಗಿಸುತ್ತದೆ. ಮೊದಲ ವಾರ ಜನ ನಕ್ಕರು. ಎರಡನೆಯ ವಾರ ಹೆದರಿದರು. ಬಾಗಿಲ ಮುಂದೆ ಅಂಕಿ ಬರೆಸಿಕೊಂಡವರು ಒಬ್ಬೊಬ್ಬರಾಗಿ ಬಂದು ಕೇಳತೊಡಗಿದರು. ಎಣ್ಣೆಗಾಣದ ನಿಂಗಜ್ಜಿ ತಲೆಗೂದಲು ಉದುರುವುದು ಸುರುಳಿಯಿಂದಲೇ ಎಂದಳು. ಒಬ್ಬಾತ ತನ್ನ ಎಮ್ಮೆ ಗಬ್ಬ ಕಟ್ಟದಿರುವುದಕ್ಕೆ ಸುರುಳಿಯೇ ಕಾರಣವೆಂದು ಬರೆದುಕೊಡಬೇಕೆಂದ. ಇನ್ನೊಬ್ಬ, ಸುರುಳಿಯ ಮೇಲೆ ಮಲಗಿ ತನ್ನ ಕೀಲುನೋವೇ ಹೋಯಿತು, ಅದನ್ನೂ ಬರಿ ಎಂದ.

"ನನಗ ಗೊತ್ತಿರೋದು ಮುಳ್ಳು ಎಷ್ಟಕ್ಕ ಬಂತು ಅನ್ನೋದು," ಎಂದು ಹಾಲಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. "ಗೊತ್ತಿಲ್ಲದ್ದು ಹೆಂಗ ಬರೀಲಿ? ಕೂದಲದ್ದು ಡಾಕ್ಟ್ರಿಗೆ ಕೇಳಜ್ಜಿ."

ಡಾಕ್ಟರ್ ಇಂದುಧರ ಅಷ್ಟರಲ್ಲಿ ಇನ್ನೊಂದು ಹಾಳೆ ತರಿಸಿದ್ದರು. ಮೈಯೊಳಗೆ ಲೋಹವಿಲ್ಲದ ಸಾಮಾನ್ಯ ಜನಕ್ಕೂ ಒಂದು ಮಿತಿ ಇದೆ, ಇಪ್ಪತ್ತೇಳು ಗೆರೆ. ಅದರ ಕೆಳಗೆ ಇದ್ದರೆ ಕೆಡುಕಾದೀತೆಂದು ತೋರಿಸಿದವರು ಯಾರೂ ಇಲ್ಲ. ಬಹಳ ಮೇಲೆ ಹೋದರೆ ನರಗಳು ಜುಮ್ಮೆನ್ನುತ್ತವೆ, ಮೈ ಒಳಗಿನಿಂದ ಕಾಯುತ್ತದೆ. ಕೂದಲಿನ ವಿಷಯ, ಎಮ್ಮೆಯ ವಿಷಯ ಆ ಹಾಳೆಯಲ್ಲಿ ಇರಲಿಲ್ಲ. ಡಾಕ್ಟರು ಅದನ್ನು ಓದಿ ಹೇಳಿದ ಮೇಲೆ ಊರಿನ ಹೆದರಿಕೆ ಅರ್ಧ ಇಳಿಯಿತು. ಉಳಿದರ್ಧ ಹಾಗೆಯೇ ಉಳಿಯಿತು, ಏಕೆಂದರೆ ಇಪ್ಪತ್ತೇಳರ ಮೇಲಿನ ಜಾಗಗಳೂ ಹಾಲಮ್ಮನ ಸೀಮೆಸುಣ್ಣದಲ್ಲಿ ಕಾಣತೊಡಗಿದ್ದವು.

ಆ ದಿನಗಳಲ್ಲಿ ನಾನೊಂದು ದಡ್ಡತನ ಮಾಡಿದೆ. ತಾಮ್ರದ ಸಣ್ಣ ಎಳೆ ತರಿಸಿ, ದಪ್ಪ ಬಟ್ಟೆಯ ನಡುವೆ ಸೇರಿಸಿ, ಎಂಟು ದಿನ ಕೂತು ಸಬೀರಾಬಿಗೊಂದು ಕೋಟು ಹೊಲಿದೆ. ಅದನ್ನು ತೊಟ್ಟರೆ ಸೆಳೆತ ಒಳಗೆ ತಾಗುವುದಿಲ್ಲ ಎಂದು ನನ್ನ ಎಣಿಕೆ. ಹಾಲಮ್ಮ ಕೋಟನ್ನು ಮರದ ಗೂಟಕ್ಕೆ ತೂಗುಹಾಕಿ ಅದರೊಳಗೆ ಜರಡಿ ಹಿಡಿದಳು. ಮುಳ್ಳು ಒಂದು ಕೂದಲೆಳೆಯೂ ಇಳಿಯಲಿಲ್ಲ. ಸಾಲದ್ದಕ್ಕೆ ಕೋಟು ಬಿಸಿಯಾಗತೊಡಗಿತು.

"ಹೊಲಿಗಿ ಛಲೋ ಐತ್ರೀ," ಎಂದಳು. "ಆದ್ರ ಬಿಚ್ಚಿಬಿಡ್ರಿ. ಇದನ್ನ ಹಾಕ್ಕೊಂಡ ಧೈರ್ಯದಾಗ ಯಾರರ ಹೋಗಿ ಬಿದ್ರ ಆ ಪಾಪ ನಮ್ಮ ಮನಿಗೆ ಬರ್ತೈತಿ." ನಾನು ಬಿಚ್ಚಿದೆ. ಎಂಟು ದಿನದ ಹೊಲಿಗೆ ಬಿಚ್ಚಲು ಎರಡು ದಿನ ಬೇಕಾಯಿತು.

ಎರಡು ತಿಂಗಳ ಕೊನೆಗೆ ದಾರಿ ಸಿಕ್ಕಿತು. ಅಗಸೆಯ ಎಡಗೋಡೆ ಹಿಡಿದು, ಸೀಸೆಗಾರರ ಓಣಿಯೊಳಗೆ ಹೊಕ್ಕು, ಶಾಲೆಯ ಹಿತ್ತಲು ದಾಟಿ, ಗಾಣದ ವೃತ್ತದ ಒಂದು ಅಂಚಿನಲ್ಲಿ ಬಾಗಿ, ದವಾಖಾನೆಯ ಮೆಟ್ಟಿಲಿಗೆ ಬರುವ ದಾರಿ. ಎರಡು ಮೊಳ ಅಗಲ. ಒಟ್ಟು ಆರುನೂರ ಹತ್ತು ಹೆಜ್ಜೆ. ಎಲ್ಲಿಯೂ ಹದಿಮೂರು ದಾಟಿರಲಿಲ್ಲ. ಹಾಲಮ್ಮ ಸುಣ್ಣ ಕಲಸಿ ಅದರುದ್ದಕ್ಕೂ ಗೆರೆ ಎಳೆದಳು.

ಸಬೀರಾಬಿ ಬರುವ ದಿನ ಬೆಳಿಗ್ಗೆ ಊರೆಲ್ಲ ಓಣಿಗಳಲ್ಲಿ ನೆರೆದಿತ್ತು. ಅಗಸೆಯಲ್ಲಿ ಅವಳನ್ನು ತಡೆಯಬೇಕೋ ಬೇಡವೋ ತಿಳಿಯದೆ ದೊಡ್ಡಸಿದ್ದ ಎದ್ದು ನಿಂತು ಗೋಡೆಯ ಕಡೆ ಮುಖ ಮಾಡಿದ. ಮುಂದೆ ಜರಡಿ ಹಿಡಿದ ಹಾಲಮ್ಮ, ಹಿಂದೆ ಗೆರೆಯ ಮೇಲೆಯೇ ಹೆಜ್ಜೆಯಿಡುತ್ತ ಸಬೀರಾಬಿ, ಪಕ್ಕದಲ್ಲಿ ಅವಳ ಮಣಿಕಟ್ಟು ಹಿಡಿದ ಡಾಕ್ಟರು. ಸೀಸೆಗಾರರ ಓಣಿಯಲ್ಲಿ ಹೆಂಗಸರು ಅವಳ ಕಾಲಿಗೆ ನೀರು ಹಾಕಿದರು. ಶಾಲೆಯ ಹಿತ್ತಲಿನಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದೆ.

ಗಾಣದ ವೃತ್ತಕ್ಕೆ ಬಂದಾಗ ಹಾಲಮ್ಮ ಥಟ್ಟನೆ ನಿಂತಳು. ಮುಳ್ಳು ಹದಿಮೂರರಲ್ಲಿ ಇರಬೇಕಾದದ್ದು ಇಪ್ಪತ್ತಕ್ಕೆ ಏರಿತ್ತು. ಅದೇ ಹೊತ್ತಿಗೆ ಹಿಂದಿನಿಂದ ಡಾಕ್ಟರು, "ಬಡಿತ ಬದಲಾಯ್ತು, ನಿಲ್ಲಿ," ಎಂದರು. ಸಬೀರಾಬಿ ಕೈ ಚಾಚಿ ಹಿಡಿಯಲು ಏನೋ ಹುಡುಕುತ್ತಿದ್ದಳು. ಮುಖ ಬಿಳಿಚಿತ್ತು.

"ಹಿಂದಕ್ಕ, ಸಬೀರಕ್ಕ. ಬಂದ ಹೆಜ್ಜ್ಯಾಗ ಹಿಂದಕ್ಕ," ಎಂದು ಹಾಲಮ್ಮ ಮೆಲ್ಲಗೆ, ಮಗುವನ್ನು ಮಾತಾಡಿಸುವ ಹಾಗೆ ಹೇಳುತ್ತ ಅವಳ ತೋಳು ಹಿಡಿದು ನಡೆಸಿದಳು. ಏಳು ಹೆಜ್ಜೆ ಹಿಂದೆ ಬಂದ ಮೇಲೆ ಡಾಕ್ಟರು ತಲೆಯಾಡಿಸಿದರು. ಬಡಿತ ಸರಿಯಾಗಿತ್ತು. ಸಬೀರಾಬಿ ಶಾಲೆಯ ಗೋಡೆಗೆ ಒರಗಿ ಕೂತಳು.

ಅಷ್ಟರಲ್ಲಿ ಎದುರಿನ ಎಣ್ಣೆಗಾಣದ ಗುಂಯ್‌ಗುಡುವಿಕೆ ಕೇಳಿಸಿತು. ಆಗ ನಮಗೆಲ್ಲ ಗೊತ್ತಾಯಿತು. ಹಾಲಮ್ಮ ಆ ವೃತ್ತವನ್ನು ಅಳೆದದ್ದು ಸೋಮವಾರ, ಗಾಣಕ್ಕೆ ರಜೆ. ಗಾಣ ತಿರುಗಿದರೆ ಅದು ಎಳೆದುಕೊಳ್ಳುವ ಬಲಕ್ಕೆ ಆ ಭಾಗದ ಸುರುಳಿ ಜೋರಾಗುತ್ತದೆ. ಯಾರಾದರೂ ಆಗ ಗಾಣದವನನ್ನು ಬೈಯಬಹುದಿತ್ತು, ಯಂತ್ರವನ್ನು ಬೈಯಬಹುದಿತ್ತು. ಹಾಲಮ್ಮ ವೃತ್ತದ ನಡುವೆ ಬಂದು ನಿಂತಳು.

"ತಪ್ಪು ನಂದು," ಎಂದಳು. "ಗಾಣ ನಿಂತ ದಿನ ಅಳದೀನಿ, ನಡಿಯೋ ದಿನ ಅಳದಿಲ್ಲ. ಸಬೀರಕ್ಕನ್ನ ಕರಕೊಂಡು ಬರಾಕ ಅವಸರ ಮಾಡಿದೆ. ಈ ಗೆರಿ ಸದ್ಯಕ್ಕ ಯಾರೂ ನಂಬಬ್ಯಾಡ್ರಿ." ಹೀಗೆಂದು ಕೂತು, ಆ ವೃತ್ತದಲ್ಲಿ ತಾನೇ ಎಳೆದ ಗೆರೆಯನ್ನು ಸೆರಗಿನಿಂದ ಒರೆಸತೊಡಗಿದಳು. ಮೂವತ್ತು ಮಾರು ಒರೆಸಿದಳು. ನಾನು ಸಹಾಯಕ್ಕೆ ಹೋದರೆ ಬೇಡವೆಂದಳು.

ನನ್ನ ಹೆಂಡತಿಯ ಬಗ್ಗೆ ನನಗೆ ಹೆಮ್ಮೆ ಯಾವಾಗ ಬಂತೆಂದು ಕೇಳಿದರೆ ಜನ ಬೇರೆ ದಿನವನ್ನು ನೆನೆಯುತ್ತಾರೆ. ನಾನು ಹೇಳುವುದು ಆ ಮೂವತ್ತು ಮಾರು.

ಅಂದು ಸಂಜೆಯೇ ಯಜಮಾನರು ಅವಳನ್ನು ಕರೆಸಿದರು. ಯಜಮಾನ ರುದ್ರಮುನಿಯವರಿಗೆ ಎಪ್ಪತ್ತೆಂಟು ವರ್ಷ. ಸುರುಳಿಯ ಕೊನೆಯ ಸುತ್ತನ್ನು ಸ್ವಂತ ಕೈಯಿಂದ ಹೂತವರು ಅವರು. ಸುರುಳಿಮನೆಯ ಮುಂದಿನ ಕಟ್ಟೆಯಲ್ಲಿ ದಿನವೂ ಕೂರುತ್ತಾರೆ. ಅಲ್ಲಿ ಕೂತರೆ ಬೆರಳ ತುದಿಗಳು ಜುಮುಜುಮು ಎನ್ನುತ್ತವೆ. ಅದು ಊರಿನ ಜೀವ ತಮ್ಮನ್ನು ಮಾತಾಡಿಸುವ ಬಗೆ ಎಂದು ಹಿರಿಯರೆಲ್ಲ ನಂಬಿದ್ದರು.

"ಒಂದು ಜೀವ ಹೋಗೋದಿತ್ತು," ಎಂದರು ಯಜಮಾನರು. ಧ್ವನಿ ಏರಿಸಲಿಲ್ಲ. "ಅದಕ್ಕಂತನ ನಾವು ಆ ನಿಯಮ ಮಾಡಿದ್ದು. ಜರಡಿ ಇಲ್ಲಿಟ್ಟು ಹೋಗವ್ವ. ಇಷ್ಟಕ್ಕ ಸಾಕು."

"ಇಡ್ತೀನ್ರಿ ಯಜಮಾನ್ರ. ಇಡೋಕ್ಕಿಂತ ಮೊದ್ಲು ಒಂದ ಸಲ ಇಲ್ಲೇ ಹಿಡೀತೀನಿ, ನೀವ ನೋಡ್ರಿ."

ಕಟ್ಟೆಯ ಮೇಲೆ, ಅವರು ಕೂತಿದ್ದ ಚಾಪೆಯ ಪಕ್ಕದಲ್ಲಿ ಜರಡಿ ಹಿಡಿದಳು. ಮುಳ್ಳು ನಲವತ್ತೊಂದಕ್ಕೆ ಹೋಗಿ ನಡುಗುತ್ತ ನಿಂತಿತು.

"ಲೋಹ ಇಲ್ಲದವರಿಗೂ ಇಪ್ಪತ್ತೇಳರ ಮ್ಯಾಲೆ ಇರಬಾರ್ದು ಅಂತ ಡಾಕ್ಟ್ರ ಹಾಳ್ಯಾಗ ಐತ್ರಿ. ನಿಮ್ಮ ಬೆರಳು ಜುಮ್ಮನ್ನೋದು ಅದಕ್ಕ. ಇಂಥಾ ಜಾಗ ಊರಾಗ ಹನ್ನೊಂದು ಅದಾವ. ಎರಡು ಶಾಲಿ ಒಳಗ."

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಹೆಣ್ಮಗಳ ಕೈಯಾಗ ಮುಳ್ಳು ಕೊಟ್ಟಿದ್ದ ತಪ್ಪಾತು," ಎಂದು ಗೊಣಗಿದರು. ಯಜಮಾನರು ಅವರನ್ನು ನೋಡಲಿಲ್ಲ. ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ಕೈ ಚಾಚಿ ಜರಡಿಯನ್ನು ತೆಗೆದುಕೊಂಡರು. "ನಿನ್ನ ಬರಹದ ಪುಸ್ತಕನೂ ಕೊಡು," ಎಂದರು. ಹಾಲಮ್ಮ ಕೊಟ್ಟು ಬಂದಳು. ಮನೆಗೆ ಬಂದು ಮೂಲೆಯಲ್ಲಿ ಕೂತವಳು ಊಟಕ್ಕೂ ಏಳಲಿಲ್ಲ. ಅಪ್ಪನ ಜರಡಿ ಹೋಯಿತೆಂದು ಇಬ್ಬರೂ ತಿಳಿದಿದ್ದೆವು.

ಮರುದಿನ ಬೆಳಿಗ್ಗೆ ಊರು ಒಂದು ನೋಟ ಕಂಡಿತು. ಎಪ್ಪತ್ತೆಂಟರ ಯಜಮಾನರು ಬರಿಗಾಲಿನಲ್ಲಿ, ಒಂದು ಕೈಯಲ್ಲಿ ಜರಡಿ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಅಗಸೆಯಿಂದ ಹೊರಟಿದ್ದರು. ಒಂದು ಹೆಜ್ಜೆ, ಪಾದದ ಬಳಿ ಒಂದು ಅಂಕಿ, ಎದೆಯ ಮಟ್ಟದಲ್ಲಿ ಇನ್ನೊಂದು. ಹಿರಿಯರು ಬೇಡವೆಂದರೂ ಕೇಳಲಿಲ್ಲ, ಕುರ್ಚಿ ತಂದರೆ ಕೂರಲಿಲ್ಲ. ಹತ್ತು ದಿನ ನಡೆದರು. ಗಾಣ ತಿರುಗುವಾಗ ಒಮ್ಮೆ, ನಿಂತಾಗ ಒಮ್ಮೆ. ಹನ್ನೊಂದನೆಯ ದಿನ ಮಧ್ಯಾಹ್ನ ಸುರುಳಿಮನೆಯ ಮುಂದೆ ಊರನ್ನು ಕೂಡಿಸಿದರು. ಆ ಕಟ್ಟೆಯನ್ನು ಹತ್ತದೆ ನೆಲದ ಮೇಲೆ ನಿಂತರು.

"ಹಾಲಮ್ಮ ಎಲ್ಲಿದಾಳ?" ಎಂದರು. ಅವಳು ಮುಂದೆ ಬಂದಳು.

"ನಿನ್ನ ಅಳತ್ಯಾಗ ಒಂದು ತಪ್ಪು ಸಿಕ್ಕೈತಿ. ಶಾಲಿ ಪಡಸಾಲ್ಯಾಗ ನೀ ಇಪ್ಪತ್ತೆಂಟು ಅಂತ ಬರದಿ. ಅದು ಇಪ್ಪತ್ತೊಂಬತ್ತು."

"ತಿದ್ಕೋತೀನ್ರಿ," ಎಂದಳು ಹಾಲಮ್ಮ.

"ಉಳಿದದ್ದು ಎಲ್ಲಾ ಸರಿ ಐತಿ," ಎಂದು ಯಜಮಾನರು ಪುಸ್ತಕ ಮುಚ್ಚಿದರು. "ಈ ಸುರುಳಿ ನಾವು ಹೂತಿದ್ದು ಊರು ಬೆಳಗಲಿ ಅಂತ. ಅದು ಎಲ್ಲೆಲ್ಲಿ ಎಷ್ಟೆಷ್ಟು ಐತಿ ಅಂತ ನಾವ ನೋಡ್ಲಿಲ್ಲ. ನಮಗ ಬೆಳಕಿನ ಸೊಕ್ಕು ಇತ್ತು. ಅಳದು ನೋಡಿದ್ರ ಎಂಟು ಮನಿ ಜನ ಹೊರಗ ಇರೋ ಪಾಳಿ ಬರ್ತಿರಲಿಲ್ಲ." ಹಾಲಮ್ಮನ ಕಡೆ ತಿರುಗಿದರು. "ಏನು ಮಾಡ್ಬೇಕು, ಹೇಳು."

ಅವಳು ಲೆಕ್ಕ ಹಾಕಿಕೊಂಡು ಸಿದ್ಧವಾಗಿಯೇ ಇದ್ದಳು. ಸುರುಳಿಮನೆಯ ಚಕ್ರ ಎರಡು ಸುತ್ತು ತಗ್ಗಿಸಿದರೆ ಹನ್ನೊಂದು ಜಾಗಗಳಲ್ಲಿ ಒಂಬತ್ತು ಸರಿಯಾಗುತ್ತವೆ, ಶಾಲೆಯೊಳಗಿನವೂ ಅದರಲ್ಲಿ ಸೇರಿವೆ. ಉಳಿದ ಎರಡಕ್ಕೆ ಬೇಲಿ ಹಾಕಬೇಕು. ಅದರಲ್ಲಿ ಒಂದು ಈ ಕಟ್ಟೆ. ಮಧ್ಯಾಹ್ನದ ತನಕ ಗಾಣ ತಿರುಗಬಾರದು, ತಿರುಗದಿದ್ದರೆ ಗಾಣದ ವೃತ್ತ ಹತ್ತರ ಒಳಗೆ ಬರುತ್ತದೆ. ದವಾಖಾನೆಯಿಂದ ಮರಳುವವರು ಗಾಣ ಶುರುವಾಗುವ ಮೊದಲೇ ಮರಳಬೇಕು.

"ದೀಪ?" ಎಂದು ಯಾರೋ ಕೇಳಿದರು.

"ಒಂಚೂರು ಹಳದಿ ಆಗತಾವ," ಎಂದಳು. "ಓದಾಕ ಬರೀಯಾಕ ಏನೂ ತೊಂದ್ರಿ ಇಲ್ಲ. ಸೆಳೆತ ಕಡಿಮಿ ಇರೋ ಜಾಗದಾಗ ಬಲ್ಬು ಹಿಡದು ನೋಡೀನಿ."

ಗಾಣದ ಶಿವಮೂರ್ತೆಪ್ಪ ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡ. ದೊಡ್ಡ ದೇಹದ, ಕಡಿಮೆ ಮಾತಿನ ಮನುಷ್ಯ. "ನನ್ನ ಮಗಳಿಗೆ ಹಾವು ಕಚ್ಚಿದಾಗ ವಿಷ ಇಳಿಸಿದ್ದು ಸಬೀರಾಬಿ," ಎಂದ. "ಮಧ್ಯಾಹ್ನದ ಮ್ಯಾಲ ತಿರುಗಸ್ತೀನಿ. ಎಣ್ಣಿ ಏನೂ ಓಡಿ ಹೋಗಂಗಿಲ್ಲ."

ಯಜಮಾನರು ಸುರುಳಿಮನೆಯೊಳಗೆ ಹೋದರು. ನಾವೆಲ್ಲ ಬಾಗಿಲಲ್ಲಿ ಇಣುಕಿದೆವು. ಮೂವತ್ತೊಂದು ವರ್ಷ ಒಂದೇ ಕಡೆ ನಿಂತಿದ್ದ ಚಕ್ರ ಮೊದಲು ಅಲುಗಲಿಲ್ಲ. ಮುದುಕರು ಅದಕ್ಕೆ ಎದೆಯನ್ನೇ ಒತ್ತಿ ತಿರುಗಿಸಿದರು. ಕಿರ್ರೆಂದು ಒಂದು ಸುತ್ತು, ಆಮೇಲೆ ಇನ್ನೊಂದು. ಅಂಗಡಿ ಸಾಲಿನ ಬಲ್ಬುಗಳು ಮಾಗಿದ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿದವು. ಯಜಮಾನರು ಹೊರಬಂದು ಜರಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹಾಲಮ್ಮನಿಗೆ ಕೊಟ್ಟರು.

"ಮತ್ತೊಂದ ಸಲ ಪೂರಾ ಅಳದು ಬಾ," ಎಂದರು. "ಅವಸರ ಬ್ಯಾಡ."

ಅವಳು ಅವಸರ ಮಾಡಲಿಲ್ಲ. ಒಂದು ತಿಂಗಳು ತೆಗೆದುಕೊಂಡಳು. ಬೆಳಿಗ್ಗೆ, ನಡುಹಗಲು, ಇಳಿಹೊತ್ತು, ಸಂತೆಯ ದಿನ, ರಜೆಯ ದಿನ, ಮಳೆ ಬಿದ್ದು ಕಲ್ಲು ತೊಯ್ದಾಗ, ಒಣಗಿದಾಗ. ಸಬೀರಾಬಿಗೇ ತಾಳ್ಮೆ ತಪ್ಪಿತು. "ಇನ್ನೂ ಎಷ್ಟು ದಿನ ತಂಗಿ?" ಎಂದು ಹೇಳಿಕಳಿಸಿದಳು. "ನೀವು ಸೂಜಿ ಕುದಸಾಕ ಎಷ್ಟು ಹೊತ್ತು ತಗೋತೀರಿ, ಅಷ್ಟು," ಎಂದು ಹಾಲಮ್ಮ ಹೇಳಿಕಳಿಸಿದಳು. ಆಮೇಲೆ ಸಬೀರಾಬಿ ಕೇಳಲಿಲ್ಲ.

ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ಹೊಸ ಗೆರೆಯ ಮೇಲೆ ಸಬೀರಾಬಿ ನಡೆದು ಬಂದಳು. ಈ ಸಲ ಯಾರೂ ಕಾಲಿಗೆ ನೀರು ಹಾಕಲಿಲ್ಲ. ಜನ ಗೋಡೆಗೆ ಅಂಟಿಕೊಂಡು, ಪರೀಕ್ಷೆಗೆ ಕೂತವರ ಹಾಗೆ ನಿಂತಿದ್ದರು. ಸೀಸೆಗಾರರ ಓಣಿ ದಾಟಿತು. ಶಾಲೆಯ ಹಿತ್ತಲು ದಾಟಿತು. ಗಾಣದ ವೃತ್ತಕ್ಕೆ ಬಂದಾಗ ಶಿವಮೂರ್ತೆಪ್ಪ ಗಾಣದ ಬಾಗಿಲಿಗೆ ಅಡ್ಡಲಾಗಿ ತಾನೇ ನಿಂತಿದ್ದ, ಯಾರಾದರೂ ಒಳಗೆ ಹೋಗಿ ಅದನ್ನು ತಿರುಗಿಸಿಬಿಟ್ಟಾರು ಎಂಬಂತೆ. ಸಬೀರಾಬಿಯ ಹೆಜ್ಜೆ ಅಲ್ಲಿ ಒಮ್ಮೆ ತಡೆಯಿತು. ಹಾಲಮ್ಮ ತಿರುಗಿ, ಮೀಟರನ್ನು ಅವಳಿಗೆ ಕಾಣುವ ಹಾಗೆ ಹಿಡಿದಳು. ಒಂಬತ್ತು. ಡಾಕ್ಟರು, "ಬಡಿತ ಸರಿಯಿದೆ," ಎಂದರು. ಅವಳು ನಡೆದಳು.

ಮುಂದಿನ ತೊಂಬತ್ತು ಹೆಜ್ಜೆಗಳನ್ನು ಊರು ಬಾಯಿ ಬಿಟ್ಟೇ ಎಣಿಸಿತು. ದವಾಖಾನೆಯ ಮೆಟ್ಟಿಲೇರಿದ ಸಬೀರಾಬಿ ಯಾರತ್ತಲೂ ನೋಡದೆ ನೇರ ಒಳಗೆ ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು ಬಾಗಿಲಿಗೆ ಬಂದಳು.

"ಮೊದ್ಲು ಯಾರು?" ಎಂದಳು.

ಆ ಗಟ್ಟಿ ಧ್ವನಿ ಕೇಳಿ ಎಷ್ಟೋ ಜನ ಕಣ್ಣೊರೆಸಿಕೊಂಡರು. ರೋಗ ಇದ್ದವರು, ಇಲ್ಲದವರು, ಎಲ್ಲರೂ ಸಾಲು ನಿಂತರು. ಹೊಸ ಕಂಪೌಂಡರನೇ ಓಡಿ ಬಂದು ಅವಳಿಗೆ ಟ್ರೇ ಹಿಡಿದ. ವಾರ ಕಳೆಯುವುದರೊಳಗೆ ಕಂದೀಲು ಬೀದಿಯ ಉಳಿದವರ ಚೀಟಿಗಳನ್ನೂ ಡಾಕ್ಟರು ಓದಿದರು. ಕಾಲಿನಲ್ಲಿ ಸರಳು ಇದ್ದವರಿಗೆ ಹದಿನೈದರ ಕಟ್ಟುನಿಟ್ಟು ಬೇಕಿರಲಿಲ್ಲ. ಹೆಚ್ಚಿನವರು ಮನೆಗೇ ಮರಳಿದರು. ಎದೆಯಲ್ಲಿ ಯಂತ್ರವಿದ್ದ ಮೂವರಿಗೆ ಗೆರೆಯಿಂದ ಅವರವರ ಮನೆಬಾಗಿಲಿಗೆ ಕವಲು ಎಳೆಯುವ ಕೆಲಸ ಹಾಲಮ್ಮನಿಗೆ ಇನ್ನೂ ಇದೆ.

ಇದೆಲ್ಲ ಊರಿಗೆ ಗೊತ್ತಿರುವ ಕಥೆ. ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದಿದ್ದದ್ದು ಒಂದಿತ್ತು. ಆ ಶುಕ್ರವಾರ ಹಾಲಮ್ಮ ದವಾಖಾನೆಯ ಬಳಿ ನಿಲ್ಲಲಿಲ್ಲ. ಸಾಲು ಬೆಳೆಯುತ್ತಿದ್ದಾಗಲೇ ಜರಡಿ ಹೆಗಲಿಗೇರಿಸಿ ಮನೆಗೆ ಬಂದಳು. ನಾನು ಹಿಂದೆಯೇ ಬಂದೆ. ಅವಳು ನಡೆಯುವ ರೀತಿ ನೋಡಿ, ನಿಲ್ಲಿಸಿ ಅಂಗಾಲು ಎತ್ತಿಸಿ ನೋಡಿದೆ. ಮೂರು ತಿಂಗಳು ಬರಿಗಾಲಿನಲ್ಲಿ ಕಲ್ಲು ಸವೆಸಿದ ಹಿಮ್ಮಡಿ ಸೀಳಿ, ರಕ್ತ ಒಣಗಿ ಕಪ್ಪಾಗಿತ್ತು. ಒಂದು ಮಾತೂ ನನಗೆ ಹೇಳಿರಲಿಲ್ಲ.

ನಾನು ನೀರು ಕಾಯಿಸಿದೆ. ಬಾಗಿಲ ಹೊಸ್ತಿಲ ಬಳಿ ಮಣೆ ಹಾಕಿ ಅವಳನ್ನು ಕೂರಿಸಿ, ಮರದ ಬಾನಿಯಲ್ಲಿ ಅವಳ ಎರಡೂ ಕಾಲು ಇಡಿಸಿ, ಕೆಳಗೆ ಕೂತು ತೊಳೆಯತೊಡಗಿದೆ. ದವಾಖಾನೆಯಿಂದ ಮರಳುವ ಜನ ಓಣಿಯಲ್ಲಿ ಬರುತ್ತಿದ್ದರು. ಎದುರುಮನೆಯ ಶಾಂತವೀರವ್ವ ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು. ಹಾಲಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ಏನ್ರೀ ಇದು. ಗಂಡಸರು ಹಿಂಗ ಮಾಡ್ತಾರೇನು. ಒಳಗರ ನಡೀರಿ, ಜನ ನೋಡ್ತಾರ."

ನಾನು ಅವಳ ಕಾಲನ್ನು ಮತ್ತೆ ನೀರಿಗೆ ಎಳೆದುಕೊಂಡೆ.

"ನೋಡ್ಲಿ ಅಂತನ ಬಾಗಿಲದಾಗ ಕುಂದ್ರಿಸೀನಿ," ಎಂದೆ.